ಜರಡಿ ಮೇಡಂ ಮೇಲೆ ಇನ್ನೂರ ಹನ್ನೆರಡು ದೂರು

ಶಾಲೆಯ ಮೂರನೇ ಮಹಡಿಯ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಹೆಂಗಸಿಗೆ ಮಕ್ಕಳು ಇಟ್ಟ ಹೆಸರು ಜರಡಿ ಮೇಡಂ. ಅದು ಅವರ ಕಿವಿಗೂ ಬಿದ್ದಿತ್ತು, ಬೇಸರವೇನೂ ಆಗಿರಲಿಲ್ಲ. ಹದಿನಾಲ್ಕು ವರ್ಷ ಇದೇ ಶಾಲೆಯ ಗ್ರಂಥಾಲಯದಲ್ಲಿದ್ದಾಗಲೂ ತಾವು ಪೂರ್ತಿ ಓದದ ಒಂದು ಪುಸ್ತಕವನ್ನೂ ಅವರು ಕಪಾಟಿಗೆ ಏರಿಸಿದವರಲ್ಲ. ಪುಸ್ತಕ ಕೇಳುವವರು ಕಡಿಮೆಯಾಗಿ ಕಂಪ್ಯೂಟರುಗಳು ಬಂದಾಗ ಮೇಡಂ ಕೋಣೆ ಬದಲಾಯಿಸಿದರು, ಅಭ್ಯಾಸ ಬದಲಾಯಿಸಲಿಲ್ಲ.

ಮೇಡಂ ಒಪ್ಪಿದ ವೆಬ್‌ಸೈಟು ಬಿಟ್ಟು ಬೇರೊಂದು ಮಕ್ಕಳ ಕಂಪ್ಯೂಟರಿನಲ್ಲಿ ತೆರೆಯುತ್ತಿರಲಿಲ್ಲ. ಹೊಸದು ಬೇಕಾದವರು ಅದರ ವಿಳಾಸವನ್ನು ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಶಾಲೆ ಬಿಟ್ಟ ಮೇಲೆ ಮೇಡಂ ಯಾವ ತಡೆಯೂ ಇಲ್ಲದ ತಮ್ಮ ಕಂಪ್ಯೂಟರಿನ ಮುಂದೆ ಕೂತು ಅದನ್ನು ಅಡಿಯಿಂದ ಮುಡಿಯವರೆಗೆ ನೋಡುವರು. ಪಕ್ಕದಲ್ಲಿ ಮಿಣುಕುವ ಜಾಹೀರಾತುಗಳನ್ನೂ ಬಿಡುತ್ತಿರಲಿಲ್ಲ. ಒಂದೊಂದನ್ನೂ ಒತ್ತಿ, ಅದು ಯಾವ ಓಣಿಗೆ ಕರೆದೊಯ್ಯುತ್ತದೆಂದು ಕೊನೆಯವರೆಗೆ ಹೋಗಿ ನೋಡಿ ಬಂದು, ಕೆಂಪು ರಟ್ಟಿನ ಪುಸ್ತಕದಲ್ಲಿ ಷರಾ ಬರೆಯುವರು.

ಮನೆಗೆ ಬಂದರೆ ಕಣ್ಣು ಕೆಂಪು. ಅತ್ತೆ ಕೇಳುತ್ತಿದ್ದರು: "ಏನೇ, ನಿಮ್ಮ ಸ್ಕೂಲಲ್ಲಿ ನಿನ್ನ ಕೈಲಿ ಈರುಳ್ಳಿ ಹೆಚ್ಚಿಸ್ತಾರಾ?"

"ಹೂಂ ಅತ್ತೆ. ಸುಲಿದಷ್ಟೂ ಬರ್ತಾನೇ ಇದೆ."

ಈ ವರ್ಷ ಶಾಲೆಯವರು ಹೊಸದೊಂದು ಕಾವಲು ತಂತ್ರಾಂಶ ಹಾಕಿಸಿದರು. ಯಾವ ಕಂಪ್ಯೂಟರಿನಿಂದ ಎಷ್ಟು ಸಲ ಕೆಟ್ಟ ವೆಬ್‌ಸೈಟಿನ ಬಾಗಿಲು ತಟ್ಟಿದರೆಂದು ಅದು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸುತ್ತದೆ. ಹೆಡ್‌ಮಾಸ್ಟರಿಗೆ ಹಿಡಿಸಲಾರದ ಹುರುಪು. 'ಪಟ್ಟಿಯಲ್ಲಿ ಮೊದಲು ಬಂದವರು ಯಾರೇ ಆಗಲಿ, ಎರಡು ತಿಂಗಳು ಕಂಪ್ಯೂಟರ್ ಕೋಣೆಗೆ ಕಾಲಿಡುವಂತಿಲ್ಲ. ಪಟ್ಟಿಯನ್ನು ಪೋಷಕರ ಸಭೆಯಲ್ಲೇ ಓದಲಾಗುವುದು' ಎಂದು ಮನೆಮನೆಗೂ ನೋಟೀಸು ಕಳಿಸಿದರು.

ಸಭೆ ಸಂಜೆ ನಾಲ್ಕಕ್ಕೆ. ಪಟ್ಟಿ ಬಂದದ್ದು ಮೂರಕ್ಕೆ. ಶಾಲೆಯ ಮಕ್ಕಳೆಲ್ಲ ಸೇರಿ ಒಂಬತ್ತು ಸಲ. ಮೇಡಂ ಕಂಪ್ಯೂಟರ್ ಒಂದೇ ಇನ್ನೂರ ಹನ್ನೆರಡು ಸಲ.

ಹೆಡ್‌ಮಾಸ್ಟರು ಅವರನ್ನು ಕರೆಸಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಮೇಡಂ, ಇದನ್ನ ಹೇಳೋಕೇ ನಂಗೆ ನಾಚಿಕೆ."

"ಹೇಳಿ ಸಾರ್. ನಾನು ನೋಡದೇ ಇರೋದು ಏನೂ ಉಳಿದಿಲ್ಲ."

"ಅದೇ ತೊಂದರೆ!" ಎಂದು ಪಟ್ಟಿಯನ್ನು ಮುಂದೆ ತಳ್ಳಿದರು. "ಓದಿದ್ರೆ ನಿಮ್ಮ ಮಾನ ಹೋಗುತ್ತೆ, ಕೋಣೇನೂ ಕೈತಪ್ಪುತ್ತೆ. ಓದದಿದ್ರೆ ನನ್ನ ಮಾತು ಹೋಗುತ್ತೆ."

ಆ ಕೋಣೆ ಬಿಟ್ಟರೆ ಮೇಡಂಗೆ ಈ ಶಾಲೆಯಲ್ಲಿ ಬೇರೆ ಕೆಲಸವಿರಲಿಲ್ಲ. ಆದರೂ ಅಂದರು, "ಓದಿ ಸಾರ್. ನನ್ನ ಪುಸ್ತಕಾನೂ ತರ್ತೀನಿ."

ಸಭೆಯಲ್ಲಿ ಹೆಡ್‌ಮಾಸ್ಟರು ಇನ್ನೂರ ಹನ್ನೆರಡು ಎಂದು ಓದಿದರು. ಮುಂದಿನ ಸಾಲಿನ ದರ್ಜಿ ಹೆಂಗಸು ಕೇಳಿದಳು, "ಯಾರ್ರೀ ಆ ಪುಣ್ಯಾತ್ಮ?"

"ನಾನೇ ಕಣಮ್ಮ," ಎಂದು ಮೇಡಂ ಎದ್ದು ನಿಂತು ಕೆಂಪು ರಟ್ಟು ಬಿಚ್ಚಿ ಓದತೊಡಗಿದರು. "ನಕ್ಷತ್ರಗಳ ಪಾಠ. ಬಹಳ ಚೆನ್ನಾಗಿದೆ. ಬಲಗಡೆ ಒಬ್ಬಳು ಈ ಚಳೀಲಿ ಬಟ್ಟೆ ಮರೆತು ನಿಂತಿದ್ದಾಳೆ. ಬೇಡ. ಕಪ್ಪೆಯ ಹೃದಯದ ಚಿತ್ರ. ಒಳ್ಳೇದೇ. ಕೆಳಗಿನ ಗುಂಡಿ ಒತ್ತಿದರೆ ಜೂಜಿನವನು ಬಂದು ಹೊಸ ಅಳಿಯನಿಗಿಂತ ಹೆಚ್ಚು ಉಪಚಾರ ಮಾಡ್ತಾನೆ. ಬೇಡ. ಗಣಿತದ ಆಟ. ಮೂರನೇ ಪುಟದಲ್ಲಿ ಗಂಡ ಹೆಂಡತಿ. ಗಂಡ ಹೆಂಡತಿ ಅಲ್ಲ ಅನ್ಸುತ್ತೆ. ಬೇಡವೇ ಬೇಡ."

ನಕ್ಕು ನಕ್ಕು ಜನರ ಪಕ್ಕೆ ಹಿಡಿದುಕೊಂಡಿತು. ನಗೆ ಇಳಿದ ಮೇಲೆ ಬಸ್ ಕಂಡಕ್ಟರೊಬ್ಬರು ಮೆಲ್ಲಗೆ ಕೇಳಿದರು, "ಇಷ್ಟನ್ನೂ ಒಬ್ಬರೇ ಕೂತು ನೋಡಿದ್ರಾ ಮೇಡಂ?"

"ಹೌದು. ನಾನು ನೋಡದಿದ್ರೆ ನಿಮ್ಮ ಮಗಳು ನೋಡ್ತಿದ್ಲು."

ದರ್ಜಿ ಹೆಂಗಸು ಮಾತ್ರ ಬಿಡಲಿಲ್ಲ. "ಕೆಲಸ ಒಳ್ಳೇದೇ, ಒಪ್ಪಿದೆ. ಆದ್ರೆ 'ಯಾರೇ ಆಗಲಿ' ಅಂತ ಬರೆದಿದ್ದೀರಲ್ಲ. ಮಕ್ಕಳಿಗೊಂದು, ಮೇಡಂಗೊಂದಾ?"

"ಸರಿಯಾದ ಮಾತು," ಎಂದರು ಮೇಡಂ. "ಎರಡು ತಿಂಗಳು ನಾನು ಬರಲ್ಲ. ನನ್ನ ಕುರ್ಚಿಗೆ ಯಾರು ಬರ್ತೀರಿ, ಕೈ ಎತ್ತಿ."

ಎಲ್ಲರಿಗೂ ಒಮ್ಮೆಲೇ ತಮ್ಮ ತಮ್ಮ ಚಪ್ಪಲಿಯಲ್ಲಿ ನೋಡುವಂಥದ್ದು ಏನೋ ಕಂಡಿತು.

ಕೊನೆಗೆ ಮಾತಾಡಿದವಳು ದರ್ಜಿಯೇ. "ಇವರು ನೋಡಿದ್ದು ತಪ್ಪಲ್ಲ ಸಾರ್. ಒಬ್ಬರನ್ನೇ ಕೂರಿಸಿದ್ದು ತಪ್ಪು. ನಿಯಮಾನೇ ತಿದ್ದಿ. ಜರಡಿ ಹಿಡಿಯೋರು ಇಬ್ಬರಿರಲಿ."

"ಎರಡನೆಯವರು ಯಾರು?" ಎಂದರು ಹೆಡ್‌ಮಾಸ್ಟರು.

ಸಭೆಗೆ ಸಭೆಯೇ ಅವರನ್ನು ನೋಡಿತು.

ಮರುದಿನ ಶಾಲೆ ಬಿಟ್ಟ ಮೇಲೆ ಹೆಡ್‌ಮಾಸ್ಟರು ಮೇಡಂ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಡಬ್ಬಿಯ ಮೊದಲ ಚೀಟಿ ಜ್ವಾಲಾಮುಖಿಯ ಬಗ್ಗೆ. ಮೇಡಂ ಮೊದಲ ಜಾಹೀರಾತು ಒತ್ತಿದರು. ಹೆಡ್‌ಮಾಸ್ಟರು "ಅಯ್ಯಯ್ಯೋ!" ಎಂದು ಧಡಕ್ಕನೆ ಎದ್ದು ಬಾಗಿಲು ಹಾಕಲು ಓಡಿದರು.

"ತೆರೆದೇ ಇರಲಿ ಸಾರ್," ಎಂದರು ಮೇಡಂ, ಪೆನ್ನಿನ ಮುಚ್ಚಳ ತೆಗೆಯುತ್ತ. "ಮುಚ್ಚಿದ್ರೆ ಇದೇ ಕೆಲಸ ಬೇರೆ ಥರ ಕಾಣುತ್ತೆ."