ಓರಗಿತ್ತಿಯ ಕೆಂಪು

ಉಣ್ಣೆ ನೂಲಿಗೆ ಬಣ್ಣ ಹಾಕುವ ಆ ಮನೆಯ ಹಿರಿಸೊಸೆಯನ್ನು ಇಡೀ ಬೀದಿ ‘ಬಣ್ಣದಕ್ಕ’ ಎಂದೇ ಕರೆಯುತ್ತಿತ್ತು. ಗಂಡ ನೂಲು ತರುತ್ತಿದ್ದ, ಮೈದುನ ಬಣ್ಣದ ನೂಲಿನ ಲಡಿಗಳನ್ನು ಒಣಗಿಸಿ ಕಟ್ಟುತ್ತಿದ್ದ, ಅತ್ತೆ ವ್ಯಾಪಾರ ನೋಡಿಕೊಳ್ಳುತ್ತಿದ್ದರು. ಬಣ್ಣ ಕಾಯಿಸುವ ಹಂಡೆ ಮಾತ್ರ ಅವಳದು. ಅದರ ಹತ್ತಿರ ಇನ್ನೊಬ್ಬರು ಸುಳಿದರೂ ಅವಳಿಗೆ ಆಗುತ್ತಿರಲಿಲ್ಲ.

ಮೈದುನನ ಮದುವೆಯಾಗಿ ಓರಗಿತ್ತಿ ಬಂದಳು. ಅವಳ ತಂದೆ ಕಾಡಿನ ಬೇರುಗಳನ್ನು ಅಗೆದು ಔಷಧಿ ಅಂಗಡಿಗಳಿಗೆ ಕೊಡುತ್ತಿದ್ದವರು. ಬಂದ ಹೊಸದರಲ್ಲೇ, ಕೆಂಪು ಬಣ್ಣಕ್ಕೆಂದು ಅಂಗಡಿಯಿಂದ ತಂದಿದ್ದ ಮಂಜಿಷ್ಠದ ಬೇರೊಂದನ್ನು ಲಟಕ್ಕನೆ ಮುರಿದು ನೋಡಿದಳು.

“ಅಕ್ಕ, ಇದು ತುಂಬಾ ಹಳೇದು. ಕಲ್ಲುಗಣಿ ಹತ್ರ ಪೊದೆ ತುಂಬಾ ಈ ಬಳ್ಳಿ ಹಬ್ಬಿದೆ, ಬರ್ತಾ ನೋಡ್ದೆ.”

“ನಿಮ್ಮನೇಲಿ ಔಷಧಿ ಅರೀತಿದ್ರಿ. ಇಲ್ಲಿ ಬಣ್ಣ ಹಾಕ್ತೀವಿ,” ಎಂದು ಹಿರಿಯಳು ಬೇರನ್ನು ಕಿತ್ತುಕೊಂಡಳು.

“ತರ್ಲಿ ಬಿಡೇ, ನೋಡೋಣ,” ಎಂದರು ಅತ್ತೆ.

ಕಿರಿಯಳು ಬೇರಿನ ಜೊತೆ ಒಂದು ಮಾರುದ್ದ ಬಳ್ಳಿಯನ್ನೂ ತಂದು ಜಗಲಿಯ ಮೇಲೆ ಹರಡಿದಳು. ನಾಲ್ಕು ಮೂಲೆಯ ಸಪೂರ ದಂಟು, ಗೆಣ್ಣುಗೆಣ್ಣಿಗೂ ಸುತ್ತ ನಾಲ್ಕು ಎಲೆ, ಮೂಲೆಗಳುದ್ದಕ್ಕೂ ಹಿಂದಕ್ಕೆ ಬಾಗಿದ ಪುಟ್ಟ ಮುಳ್ಳುಗಳು, ತುದಿಯಲ್ಲಿ ಮೆಣಸಿನ ಕಾಳಿನಂಥ ಕಪ್ಪು ಹಣ್ಣು.

“ಇದಕ್ಕೆ ಸುತ್ಕೊಳ್ಳೋಕೆ ಬರಲ್ಲ ಅತ್ತೆ. ಪಕ್ಕದ ಗಿಡಕ್ಕೆ ಮುಳ್ಳು ಸಿಕ್ಕಿಸ್ಕೊಂಡೇ ಮೇಲೆ ಹತ್ತೋದು.”

“ಅಂಥವು ಮನೆಗಳಲ್ಲೂ ಇರ್ತವೆ,” ಎಂದಳು ಹಿರಿಯಳು, ಹಂಡೆಯ ಕಡೆ ತಿರುಗಿಕೊಂಡು.

ಕಿರಿಯಳು ದಂಟುಗಳನ್ನು ಮುದ್ದೆ ಮಾಡಿ ಹಿತ್ತಾಳೆ ತಂಬಿಗೆ ಉಜ್ಜಿದಳು, ಫಳಫಳ ಹೊಳೆಯಿತು. ಬೇರನ್ನು ಜೇನಿನಲ್ಲಿ ತೇದು ಅತ್ತೆಯ ಕೆನ್ನೆಯ ಕಪ್ಪು ಕಲೆಗೆ ಹಚ್ಚಿದಳು. ಕಲೆ ಹೋಯಿತೋ ಬಿಟ್ಟಿತೋ, ಅತ್ತೆ ಮಾತ್ರ ಕನ್ನಡಿ ಬಿಟ್ಟು ಏಳಲಿಲ್ಲ. ಆಮೇಲೆ ಅತ್ತೆಯ ಮಾತಿನಂತೆ ಹಂಡೆಯೂ ಕಿರಿಯಳ ಕೈಗೆ ಹೋಯಿತು. ಬಣ್ಣ ಹಿಡಿಯಲೆಂದು ಪಟಿಕದ ನೀರಲ್ಲಿ ನೆನೆಸಿದ ಉಣ್ಣೆಯನ್ನು ಬೇರಿನ ನೀರಿಗೆ ಇಳಿಸಿ, ಎಲ್ಲಿ ಕುದಿ ಬಂದು ಕೆಂಪು ಕಂದಾಗುತ್ತದೋ ಎಂದು ಒಲೆಯ ಸೌದೆಯನ್ನು ಹಿಂದೆ ಮುಂದೆ ಎಳೆಯುತ್ತ ಕೂತಳು. ಲಡಿ ಮೇಲೆತ್ತಿದಾಗ ಹಿರಿಯಳು ಕೈಯ ಕೆಲಸ ಬಿಟ್ಟು ಹತ್ತಿರ ಬಂದಳು. ಅಂಥ ಕೆಂಪನ್ನು ಅವಳು ಒಮ್ಮೆಯೂ ತೆಗೆದಿರಲಿಲ್ಲ.

ರತ್ನಗಂಬಳಿ ನೇಯಿಸುವ ಯಜಮಾನರು ನೂಲು ಕೊಳ್ಳಲು ಬಂದು, ಆ ಲಡಿ ನೋಡಿದವರೇ, “ಎಲ್ಲಿ ನಮ್ಮ ಬಣ್ಣದಕ್ಕ?” ಎಂದರು. ಹಿರಿಯಳು ಕೈ ಒರೆಸಿಕೊಂಡು ಹೊರಗೆ ಬಂದಳು. “ನೀವಲ್ಲಮ್ಮ, ಈ ಕೆಂಪು ಮಾಡಿದೋರು,” ಎಂದುಬಿಟ್ಟರು.

ಅಂದಿನಿಂದ ಹಿರಿಯಳಿಗೆ ಊಟ ರುಚಿಸಲಿಲ್ಲ. ಕಿರಿಯಳು ನಕ್ಕರೆ ತನ್ನನ್ನೇ ಕಂಡು ನಕ್ಕಳೆನಿಸುತ್ತಿತ್ತು, ಸುಮ್ಮನಿದ್ದರೆ ಸೊಕ್ಕೆನಿಸುತ್ತಿತ್ತು. ಕಡೆಗೊಂದು ದಿನ, ಕಿರಿಯಳು ತವರಿಗೆ ಹೋಗಿದ್ದಾಗ, ಗುದ್ದಲಿ ಹಿಡಿದು ಒಬ್ಬಳೇ ಕಲ್ಲುಗಣಿಗೆ ಹೋದಳು. ಒಂದು ಬಳ್ಳಿಯನ್ನೂ ಬಿಡದೆ ಅಗೆದಳು. ತನಗೆ ಬೇಕೆಂಬುದಕ್ಕಿಂತ, ಕಿರಿಯಳಿಗೆ ಒಂದೂ ಸಿಗಬಾರದೆಂಬುದೇ ಹೆಚ್ಚಾಗಿತ್ತು. ಮುಳ್ಳುಗಳು ಮೊಣಕೈವರೆಗೆ ಗೀರಿದವು.

ಆ ರಾಶಿಯಿಂದ ಬಂದದ್ದು ಪೇಲವ ಕಿತ್ತಳೆ ಬಣ್ಣ. ಇನ್ನಷ್ಟು ಬೇರು ಸುರಿದಳು. ಬೆಂಕಿ ಹೆಚ್ಚಿಸಿದಳು. ಕಿತ್ತಳೆ ಹೋಗಿ ಮಣ್ಣಿನ ಬಣ್ಣವಾಯಿತು.

ತವರಿಂದ ಬಂದ ಕಿರಿಯಳು ಮೊದಲು ಲಡಿ ನೋಡಿದಳು, ಆಮೇಲೆ ಓರಗಿತ್ತಿಯ ಕೈ.

“ಎಲ್ಲಾನೂ ಅಗೆದುಬಿಟ್ರಾ? ಬಲಿತಿದ್ದನ್ನ ನಾನು ಆಗ್ಲೇ ತಂದಿದ್ದೆ, ಉಳಿದಿದ್ದೆಲ್ಲ ಎಳೇ ಬೇರು ಅಕ್ಕ! ಮೂರು ವರ್ಷ ಆದ್ಮೇಲೆ ಬಣ್ಣ ಕೂಡೋದು ಅಂತ ಬಿಟ್ಟಿದ್ದೆ.” ಅವಳು ಒಂದು ಬೇರನ್ನು ಮುರಿದು ತೋರಿಸಿದಳು. “ನಾನೇನು ಮಾಡಿದ್ದೆ ನಿಮಗೆ?”

“ಏನೂ ಮಾಡಿಲ್ಲ,” ಎಂದಳು ಹಿರಿಯಳು. “ನೀನು ಬರೋ ಮುಂಚೆ ನಾನು ಚೆನ್ನಾಗೇ ಇದ್ದೆ. ಅಷ್ಟೇ.”

ಕಿರಿಯಳು ಲಡಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಮರುದಿನ ಮೂಲೆಗೆ ಎಸೆದಿದ್ದ ಬೇರಿನ ತುಂಡುಗಳಲ್ಲಿ ಜೀವವಿದ್ದದ್ದನ್ನು ಆರಿಸಿ, ಒಂದಷ್ಟನ್ನು ಕಲ್ಲುಗಣಿಯಲ್ಲಿ, ಉಳಿದದ್ದನ್ನು ಹಿತ್ತಿಲ ಬೇಲಿಗುಂಟ ನೆಟ್ಟಳು. ಅವಕ್ಕೆ ನೀರು ಹೊರುವುದು ಹಿರಿಯಳ ಪಾಲಿಗೆ ಬಂತು. ಯಾರೂ ಹೇಳಿರಲಿಲ್ಲ, ಅತ್ತೆ ಕೊಡವನ್ನು ಅವಳ ಮುಂದೆ ಕುಕ್ಕಿ ಹೋದರು, ಅಷ್ಟೇ. ಅಂಗಡಿ ಬೇರಿನ ಕೆಂಪು ಈಗ ಯಾರಿಗೂ ಹಿಡಿಸುತ್ತಿರಲಿಲ್ಲ. ಬಳ್ಳಿ ಬೇಲಿ ಹತ್ತಿ, ಬೇರು ಬಲಿಯುವವರೆಗೂ ಮನೆಯಿಂದ ಕೆಂಪು ನೂಲು ಹೊರಡಲಿಲ್ಲ. ಯಜಮಾನರು ಬೇರೆ ಕಡೆ ಕೊಂಡರು. ಹಿರಿಯಳು ಅದನ್ನೂ ಸೈರಿಸಿದಳು.

ಮುಂದೆ ಮೈದುನ ಪಕ್ಕದ ಬೀದಿಯಲ್ಲಿ ಬೇರೆ ಮನೆ ಮಾಡಿದ. ಬೇಲಿಯ ಬೇರು ಅಗೆದಾಗಲೆಲ್ಲ ಹಿರಿಯಳು ತಾನೇ ಎರಡು ಪಾಲು ಮಾಡಿ, ಒಂದನ್ನು ಓರಗಿತ್ತಿಗೆ ಕಳಿಸುತ್ತಾಳೆ. ಕಡಿಮೆ ಕೊಟ್ಟೆನೇನೋ ಎಂದು ಇನ್ನೊಂದು ಹಿಡಿ ಹಾಕಿ, ಅದರಲ್ಲಿ ಎರಡು ಬೇರು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಅಂಗಡಿಗೆ ಹೋಗುವಾಗ ಸುತ್ತಾದರೂ ಆ ಬೀದಿಯಲ್ಲೇ ಹಾದು, ಮಹಡಿಯ ಮೇಲೆ ಒಣಗುವ ಲಡಿಗಳನ್ನು ಕತ್ತೆತ್ತಿ ನೋಡುತ್ತಾಳೆ. ಓರಗಿತ್ತಿಯ ಕೆಂಪು ಕೊಂಚ ಮಾಸಿದ್ದರೆ ಅಂದು ಸುಖವಾದ ನಿದ್ದೆ. ಉಜ್ವಲವಾಗಿದ್ದರೆ ಮನೆಗೆ ಬಂದು ತನ್ನ ಹಂಡೆಯನ್ನು ಇನ್ನೊಮ್ಮೆ ತಿಕ್ಕುತ್ತಾಳೆ.