ಮಲಪನಗುಡಿಯ ಮಾಳಿಗೆಯಿಂದ ಉಲ್ಕೆಗಳನ್ನು ವೀಕ್ಷಿಸಿದ ಕುರಿತು

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮೊದಲಿಗೆ ತಿಳಿಸಬೇಕಾದುದೇನೆಂದರೆ, ಕಚೇರಿಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ಬರೆದು ನನಗೆ ರೂಢಿಯಿಲ್ಲ. ಕಂಪ್ಲಿಯ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದೇನೆ. ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ನನ್ನ ಪತಿಯವರು ಸಂಡೂರಿನ ಬಳಿಯ ಯಶವಂತನಗರದ ಗಣಿಯೊಂದರಲ್ಲಿ ಮೇಲ್ವಿಚಾರಕರು. ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಬರವಣಿಗೆಯಲ್ಲಿ ಲೋಪಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ.

ಕಳೆದ ವರ್ಷದ ಬೇಸಿಗೆಯಿಂದ, ಕತ್ತಲಾದ ನಂತರ ನನಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಬಸ್ ನಿಲ್ದಾಣದಿಂದ ಸ್ಕೂಟರಿನಲ್ಲಿ ಮನೆಗೆ ಬರುವಾಗ, ರಸ್ತೆಯ ಅಂಚಿನಲ್ಲಿ ಮಲಗಿದ್ದ ಎಮ್ಮೆ ಕಂಡದ್ದು ಅದು ಎದ್ದು ನಿಂತ ಮೇಲೆಯೇ. ದೃಷ್ಟಿಯ ಅಂಚು ಕತ್ತಲಲ್ಲಿ ಕುಗ್ಗುತ್ತಿರಬಹುದೆಂದೂ, ಹುಬ್ಬಳ್ಳಿಯಲ್ಲಿ ಪರೀಕ್ಷೆ ಮಾಡಿಸುವುದು ಸೂಕ್ತವೆಂದೂ ಹೊಸಪೇಟೆಯ ನೇತ್ರವೈದ್ಯರು ಹೇಳಿದರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿದೆವು. ಆದರೆ ನನಗೆ ಭಯವಿತ್ತು. ಆದ್ದರಿಂದ ಅದಕ್ಕೂ ಮೊದಲು ನನ್ನದೇ ಒಂದು ಪರೀಕ್ಷೆಯನ್ನು ನಿಗದಿಪಡಿಸಿಕೊಂಡೆ. ಶ್ರಾವಣದಲ್ಲಿ ಉಲ್ಕಾವೃಷ್ಟಿಯಿದೆಯೆಂದು ಪತ್ರಿಕೆಯಲ್ಲಿ ಬಂದಿತ್ತು. ಬೇರೆಯವರಿಗೆ ಕಂಡ ಉಲ್ಕೆ ನನಗೆ ಕಾಣದಿದ್ದಲ್ಲಿ ಹುಬ್ಬಳ್ಳಿಗೆ ಹೋಗುವುದು, ಇಲ್ಲವಾದಲ್ಲಿ ದೀಪಾವಳಿಯ ನಂತರ ನೋಡುವುದು. ಇದನ್ನು ಪತಿಯವರಿಗೆ ಸ್ಪಷ್ಟವಾಗಿ ತಿಳಿಸಿದ್ದೆ, ಅವರೂ ಒಪ್ಪಿದ್ದರು.

ಹಂಪಿಯ ಗುಡ್ಡಗಳಿಗೆ ಕತ್ತಲಾದ ಮೇಲೆ ಬಿಡುವುದಿಲ್ಲವಾದ್ದರಿಂದ, ಮಲಪನಗುಡಿಯಲ್ಲಿರುವ ಪತಿಯವರ ಚಿಕ್ಕಮ್ಮನ ಮನೆಗೆ ಹೋದೆವು.

“ಚುಕ್ಕಿ ಬೀಳೂದು ನೋಡಾಕ ಬಂದೀರೇನು? ಮೊದ್ಲ ಹೇಳಿದ್ರ ಮಾಳಿಗಿಗೆ ಟಿಕೆಟ್ ಇಡ್ತಿದ್ದೆ,” ಎಂದು ಚಿಕ್ಕಮ್ಮ ಚಾಪೆ ಹಾಸಿದರು.

ಅಂದಿನ ಆಕಾಶದ ಸ್ಥಿತಿ ಅನುಕೂಲಕರವಾಗಿರಲಿಲ್ಲ. ಹಂಪಿಯ ಬಂಡೆಗಳ ಮೇಲೆ ಅರ್ಧಕ್ಕಿಂತ ದೊಡ್ಡ ಚಂದ್ರನಿದ್ದ. ಹೊಸಪೇಟೆಯ ಆಚೆ ಡ್ಯಾಮಿನ ಗೇಟುಗಳಿಗೆ ಹಾಕಿದ್ದ ಬಣ್ಣದ ದೀಪಗಳ ಹೊಳಪು ಮೋಡಗಳ ಹೊಟ್ಟೆಗೆ ತಾಗಿ ಒಮ್ಮೆ ಹಸಿರು, ಒಮ್ಮೆ ಗುಲಾಬಿಯಾಗುತ್ತಿತ್ತು. ನಾನು ಮಲಗಿಕೊಂಡು, ರೆಪ್ಪೆ ಬಡಿಯಲೂ ಹೆದರಿ, ಮೋಡದ ಸಂದುಗಳನ್ನೇ ನೋಡುತ್ತಿದ್ದೆ.

“ಯವ್ವಾ, ಅಲ್ಲಿ...” ಎಂದು ಚಿಕ್ಕಮ್ಮ ತಟ್ಟನೆ ನಿಲ್ಲಿಸಿದರು.

“ಏನಾತ್ರಿ?” ಎಂದೆ.

“ಸೊಳ್ಳಿ ಕಡೀತವಾ.”

“ಭಾಳ ಸೊಳ್ಳಿ ಅದಾವು,” ಎಂದರು ಪತಿ.

ಸ್ವಲ್ಪ ಹೊತ್ತು ಬಿಟ್ಟು, ಯಾವುದಾದರೂ ಬಿತ್ತೇ ಎಂದು ಅವರನ್ನು ಕೇಳಿದೆ. “ಎಲ್ಲೀದು? ಚಂದ್ರ ಅದಾನ, ಡ್ಯಾಮಿನ ಲೈಟ್ ಅದ, ಮ್ಯಾಲ ಮೋಡ. ಯಾರಿಗೂ ಕಾಣಂಗಿಲ್ಲ ಬಿಡು,” ಎಂದರು. ಮತ್ತೆ ಕೇಳಿದಾಗಲೂ ಅದೇ ಉತ್ತರ ಬಂತು. ಕಾರಣಗಳು ಕ್ರಮವಾಗಿದ್ದವು. ಕಚೇರಿಯಲ್ಲಿ ಅಂಥ ವರದಿ ಬಂದರೆ ನಾನು ಮರುಪ್ರಶ್ನೆಯಿಲ್ಲದೆ ಕಡತಕ್ಕೆ ಸೇರಿಸುತ್ತೇನೆ. ಎದೆ ಹಗುರವಾಯಿತು. ಆಕಾಶವೇ ಏನನ್ನೂ ತೋರಿಸದಿದ್ದರೆ ನನ್ನ ಕಣ್ಣಿನ ದೋಷವೇನು? ಎದ್ದು ಕುಳಿತು ಚಿಕ್ಕಮ್ಮ ತಂದ ಮಂಡಕ್ಕಿ ತಿಂದೆ. ಬಹಳ ದಿನಗಳ ನಂತರ ಜೋರಾಗಿ ನಕ್ಕೆ.

ಮರುದಿನ ಬೆಳಿಗ್ಗೆ ಹುಬ್ಬಳ್ಳಿಗೆ ಫೋನ್ ಮಾಡಿ, ಗೊತ್ತುಮಾಡಿದ್ದ ದಿನವನ್ನು ರದ್ದುಪಡಿಸಿದೆ. ಪತಿಯವರು ಬಾಗಿಲಲ್ಲಿ ಕುಳಿತು ಬೂಟಿನ ದಾರ ಕಟ್ಟುತ್ತಿದ್ದರು. ಕಟ್ಟಿದರು, ಎದ್ದರು, ಹೋದರು.

ಕಂಪ್ಲಿಯಲ್ಲಿ ನಾನು ಸಹೋದ್ಯೋಗಿಗಳಿಗೆ, ಬೆಳದಿಂಗಳು ಮತ್ತು ಮೋಡದ ಕಾರಣ ಯಾರಿಗೂ ಏನೂ ಕಾಣಲಿಲ್ಲವೆಂದು ವಿವರಿಸಿದೆ. ಪಕ್ಕದ ಮೇಜಿನಾಕೆ ಕಂಪ್ಲಿಯವರೇ, ನಕ್ಕುಬಿಟ್ಟರು.

“ಚಂದ್ರ ಇದ್ರ ಏನಾತ್ರೀ ಮೇಡಂ? ಹಿತ್ತಲದಾಗ ಬಾಂಡೆ ತಿಕ್ಕಾಕ ಹೋದಾಕಿ ಮೂರ್ನಾಕು ನೋಡೀನಿ. ಒಂದಂತೂ ಮಸ್ತ್ ಇತ್ತು, ಉದ್ದಕ ಗೀರು ಎಳ್ದಂಗ. ನೀವು ನಿದ್ದಿ ಹೊಡ್ದಿರಬೇಕು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಸಂಜೆ ಕಂಪ್ಲಿ ಬಸ್ಸಿನಿಂದ ಮಲಪನಗುಡಿಯಲ್ಲೇ ಇಳಿದೆ.

ಚಿಕ್ಕಮ್ಮ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನಿನ್ನೆ ನಿಜವಾಗಿ ಸೊಳ್ಳೆ ಕಡಿಯಿತೇ ಎಂದು ಕೇಳಿದೆ. ಅವರು ತಲೆಯೆತ್ತಲಿಲ್ಲ.

“ಇಲ್ಲವಾ. ಇವ ನನ್ನ ಕೈ ಅದುಮಿದ, ಹೇಳಬ್ಯಾಡ ಅಂತ. ಗಂಡ-ಹೆಂಡ್ತಿದು ಏನೋ ಆಟ ಇರಬೇಕು ಅನ್ಕೊಂಡೆ.”

“ಎಷ್ಟು ಬಿದ್ವ್ರಿ?”

“ಯಾರು ಎಣಿಸ್ಯಾರ? ಬಿದ್ವು.”

ರಾತ್ರಿ ಪತಿಯವರ ಮುಂದೆ ಊಟ ಬಡಿಸಿ, ಚಿಕ್ಕಮ್ಮ ಹೇಳಿದ್ದನ್ನು ಯಥಾವತ್ತಾಗಿ ತಿಳಿಸಿದೆ. ಅವರು ರೊಟ್ಟಿ ಮುರಿದು ಹಾಗೆಯೇ ಕೈಯಲ್ಲಿ ಹಿಡಿದುಕೊಂಡರು.

“ಹೆದರಿಕಿ ಆತು. ನಿನಗ ಕಾಣವಲ್ದು ಅಂತ ಗೊತ್ತಾತು. ಒಂದ್ ರಾತ್ರಿ ಅರಾಮ ಇರ್ಲಿ ಅನ್ಸಿತು. ಮುಂಜಾನೆ ಹೇಳಾವಿದ್ದೆ.”

“ಮುಂಜಾನೆ ನಾ ಫೋನ್ ಮಾಡುಮುಂದ ಅಲ್ಲೇ ಕುಂತಿದ್ರಿ.”

“ಬಸ್ ಬರೋ ಹೊತ್ತಾಗಿತ್ತು,” ಎಂದರು.

ಕಣ್ಣಿನ ಬಗ್ಗೆ ನನಗೆ ಮೊದಲೇ ಸಂಶಯವಿತ್ತು, ಅದಕ್ಕೆ ಸಿದ್ಧಳಾಗುತ್ತಿದ್ದೆ. ಇವರ ಮಾತಿನ ಬಗ್ಗೆ ಸಂಶಯಪಡಬೇಕೆಂದು ನನಗೆ ಯಾರೂ ಸೂಚಿಸಿರಲಿಲ್ಲ. ಚಂದ್ರ, ದೀಪ, ಮೋಡಗಳು ತಮ್ಮಿಂದ ಸಾಧ್ಯವಾದಷ್ಟನ್ನು ಮಾತ್ರ ಮರೆಮಾಡಿದ್ದವು. ಉಳಿದದ್ದನ್ನು ನನ್ನ ಮಗ್ಗುಲಲ್ಲಿ ಮಲಗಿದ್ದವರು ಮರೆಮಾಡಿದರು.

ಹುಬ್ಬಳ್ಳಿಯಲ್ಲಿ ಮತ್ತೆ ದಿನ ಸಿಗಲು ತಡವಾಯಿತು. ಪತಿಯವರು ರಜೆ ಹಾಕುತ್ತೇನೆಂದರೂ ಚಿಕ್ಕಮ್ಮನನ್ನು ಕರೆದುಕೊಂಡು ಹೋದೆ. ಹೊಸಪೇಟೆಯ ವೈದ್ಯರ ಸಂಶಯವೇ ನಿಜವಾಯಿತು. ಸ್ಕೂಟರನ್ನು ಈಗ ಮುಟ್ಟುವುದಿಲ್ಲ.

ಚಳಿಗಾಲದಲ್ಲಿ ಇನ್ನೊಂದು ಉಲ್ಕಾವೃಷ್ಟಿ ಬಂತು. ಅದೇ ಮಾಳಿಗೆಗೆ ಹೋದೆವು. ಈ ಸಲ ಚಿಕ್ಕಮ್ಮನನ್ನು ನಡುವೆ ಕೂರಿಸಿದೆ.

“ಬಿತ್ತು,” ಎಂದರು ಪತಿ. “ಹಂಪಿ ಕಡಿ.”

“ಹೌದೇನ್ರೀ ಚಿಕ್ಕಮ್ಮ?”

“ಹೌದವಾ, ಬಿತ್ತು.”

ಆನಂತರವೇ ನಂಬಿದೆ. ಮುಂದಿನದಕ್ಕೂ ಹಾಗೆಯೇ ಕೇಳಿದೆ, ಅದರ ಮುಂದಿನದಕ್ಕೂ. ಸ್ವಲ್ಪ ಹೊತ್ತಿನ ಮೇಲೆ ಪತಿಯವರು ಹೇಳುವುದನ್ನು ನಿಲ್ಲಿಸಿದರು. ಚಿಕ್ಕಮ್ಮ ಒಬ್ಬರೇ ಹೇಳುತ್ತ ಹೋದರು.