ನೂಲಣ್ಣ ಕಳೆದ ಒಂದು ಇಂಚು

ನಮ್ಮ ನೂಲಣ್ಣ ನಲವತ್ತು ವರ್ಷದಲ್ಲಿ ಒಂದೇ ಒಂದು ಅಳತೆ ತಪ್ಪಿದವನಲ್ಲ. ಇಂಚಿಗೆ ಎಂಟು ನೂಲು ಎಂದು ಬಡಗಿಗಳ ಲೆಕ್ಕ. ಇವನು ಆ ನೂಲನ್ನೂ ಎಂಟಾಗಿ ಸೀಳಿ, ಅದರಲ್ಲೊಂದು ಹೆಚ್ಚಾದರೆ ಊಟ ಬಿಡುವ ಆಸಾಮಿ. ಅದಕ್ಕೇ ಆ ಹೆಸರು. ಅವನು ಕೂರಿಸಿದ ಬಾಗಿಲ ಸಂದಿಯಲ್ಲಿ ಇರುವೆ ನುಸುಳಬೇಕಾದರೆ ಉಸಿರು ಬಿಗಿಹಿಡಿದು ಅಡ್ಡಡ್ಡ ಹೋಗಬೇಕು. ಇದನ್ನು ನಾನೇ ಕಂಡಿದ್ದೇನೆ. ಅವನ ಮರಕ್ಕೆ ಪಾಲಿಶ್ ಹೊಡೆಯುವವನು ನಾನು, ಆದ್ದರಿಂದ ನನ್ನ ಮಾತು ನಂಬಬಹುದು.

ಇಷ್ಟು ಕರಾರುವಾಕ್ಕಾದ ಮನುಷ್ಯನ ಟೇಪು ಮಾತ್ರ ಮೊಂಡು. ಹದಿನೈದು ವರ್ಷದ ಹಿಂದೆ ಯಾರದೋ ಕಬ್ಬಿಣದ ಬಾಗಿಲಿಗೆ ಸಿಕ್ಕಿ ತುದಿಯ ಕೊಕ್ಕೆಯೂ ಮೊದಲ ಇಂಚೂ ಕಿತ್ತುಹೋಗಿದ್ದವು. ಹೊಸದು ತಗೋ ಎಂದರೆ, "ಮಿಕ್ಕಿದ್ದೆಲ್ಲ ಗಟ್ಟಿಯಾಗಿದೆಯಲ್ಲ" ಅನ್ನುತ್ತಿದ್ದ. ಮೊಂಡು ತುದಿಯನ್ನು ಗೋಡೆಗೆ ಒತ್ತಿ, ಎಷ್ಟು ಕಂಡಿತೋ ಅದರಲ್ಲಿ ಒಂದು ಇಂಚು ಕಳೆದು, ಮರದ ಚಕ್ಕೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಕಳೆಯುವುದು ಅವನಿಗೆ ಕಣ್ಣು ಮಿಟುಕಿಸಿದಷ್ಟು ಸಲೀಸು. ಮೊಮ್ಮಗಳ ವಯಸ್ಸು ಕೇಳಿದರೂ ಒಂದು ಕಮ್ಮಿ ಹೇಳುತ್ತಿದ್ದ.

ಆ ಚಕ್ಕೆ ಸೊಸೆಯ ಕೈಗೆ ಹೋಗುತ್ತಿತ್ತು. ಮಗನಿಗೆ ಮರದ ಧೂಳು ಆಗದು; ಒಂದು ಸಲ ಸೀನಲು ಶುರುಮಾಡಿದರೆ ಪಕ್ಕದ ಬೀದಿಯ ಹೆಂಚು ಹಾರುತ್ತಿತ್ತು. ಅವನು ಬಸ್ಸು ಓಡಿಸಲು ಹೋದ, ಸೊಸೆ ಗರಗಸ ಹಿಡಿದಳು. ಆರು ವರ್ಷದಿಂದ ಮಾವ ಅಳೆದು ಬರೆದದ್ದನ್ನು ಸೊಸೆ ಕೊಯ್ಯುತ್ತಿದ್ದಳು. ಚಕ್ಕೆಯ ಮೇಲೆ ಏನಿದೆಯೋ ಅದೇ, ನೂಲೂ ಆಚೀಚೆ ಇಲ್ಲ.

ಆ ಮೊಂಡು ಟೇಪನ್ನು ಆಡಿಕೊಂಡು ಆಡಿಕೊಂಡು ನನ್ನ ಬಾಯಿಗೇ ನೋವು ಬಂದಿತ್ತು. ಕೊನೆಗೊಂದು ದಿನ ನಾನೇ ಹೊಸ ಟೇಪು ತಂದುಕೊಟ್ಟೆ, ಹಳದಿಯದು, ತುದಿಯಲ್ಲಿ ಫಳಫಳ ಹೊಳೆಯುವ ಕೊಕ್ಕೆ. "ಓಹೋ, ದೊಡ್ಡ ಮನುಷ್ಯ!" ಎಂದು ಗೊಣಗಿದ. ಆದರೆ ಸೊಂಟಕ್ಕೆ ಸಿಕ್ಕಿಸಿಕೊಂಡ.

ಅದಾದ ವಾರಕ್ಕೆ ಟೈಲರಮ್ಮನ ಅಂಗಡಿಯ ಕೆಲಸ. ಎರಡು ಗೋಡೆಗಳ ನಡುವೆ ಬಟ್ಟೆ ಜೋಡಿಸಲು ಹನ್ನೆರಡು ಹಲಗೆ. ಎರಡೂ ಗೋಡೆಗೆ ಅರ್ಧ ಇಂಚು ದಪ್ಪದ ಪಟ್ಟಿ ಹೊಡೆದಾಗಿತ್ತು, ಹಲಗೆ ಅದರ ಮೇಲೆ ಕೂರಬೇಕು, ಅಷ್ಟೇ. ಹಲಗೆ ಕೊಯ್ದಿಟ್ಟ ಸೊಸೆಯೂ ಬಂದಿದ್ದಳು, ನಾನೂ ಪಾಲಿಶ್ ಡಬ್ಬ ಹಿಡಿದು ಹೋಗಿದ್ದೆ. ಮೆಷಿನ್‌ಗಳ ಮುಂದೆ ನಲವತ್ತು ಜನ ಹೆಂಗಸರು ಹೊಲಿಯುತ್ತ ಕೂತಿದ್ದರು.

ನೂಲಣ್ಣ ಮೊದಲನೇ ಹಲಗೆ ಎತ್ತಿ ಎಡಗಡೆ ಒತ್ತಿದ. ಬಲಗಡೆ ದಬ್ಬನೆ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದು ಅವನ ಕಾಲಿನ ಮೇಲೇ ಬಿತ್ತು.

ಮೆಷಿನ್‌ಗಳೆಲ್ಲ ನಿಂತವು.

"ಆರು ವರ್ಷ ಕಲಿಸಿದೀನಿ, ಇನ್ನೂ ಅಳತೆ ಓದಕ್ಕೆ ಬರಲ್ವೇನಮ್ಮ ನಿಂಗೆ? ಕಣ್ಣನ್ನ ಮನೇಲಿ ಬಿಟ್ಟು ಬಂದಿದೀಯಾ?" ಎಂದು ಸೊಸೆಯ ಮೇಲೆ ಹರಿಹಾಯ್ದ.

ಅವಳು ಚೀಲದಿಂದ ಚಕ್ಕೆ ತೆಗೆದು ಕೊಟ್ಟಳು. "ನಲವತ್ತಾರೂವರೆ ಅಂತ ಬರೆದಿದೀರ ಮಾವ."

"ಹೌದು, ಗೋಡೆ ಇರೋದೇ ಅಷ್ಟು! ನೋಡಿಲ್ಲಿ!" ಟೇಪು ಸರ್ರನೆ ಎಳೆದು, ತುದಿ ಗೋಡೆಗೆ ಒತ್ತಿ, ಓದಿದ. "ನಲವತ್ತಾರೂವರೆ!"

ಅವನ ಹೆಬ್ಬೆರಳಿನ ಕೆಳಗೆ ಇದ್ದದ್ದು ನಲವತ್ತೇಳೂವರೆ. ನನಗೆ ಕಂಡಿತು. ಸೊಸೆಗೂ ಕಂಡಿತು. ಅವನ ಕಣ್ಣು ಮೆಲ್ಲಗೆ ಟೇಪಿನ ಗುಂಟ ಹೋಗಿ ಆ ಹೊಳೆಯುವ ಕೊಕ್ಕೆಯ ಮೇಲೆ ನಿಂತಿತು. ಟೇಪು ಹೊಸದು, ಕೈ ಹಳೆಯದು. ಕಿತ್ತುಹೋಗದ ಇಂಚನ್ನೂ ಅವನು ಕಳೆದಿದ್ದ.

ಮುಖದ ರಕ್ತವೆಲ್ಲ ಇಳಿದು ಚಪ್ಪಲಿಗೆ ಸೇರಿತು.

ಅಷ್ಟರಲ್ಲಿ ಸೊಸೆ, "ನಂದೇ ತಪ್ಪು. ಸರಿಯಾಗಿ ಓದ್ಲಿಲ್ಲ," ಅಂದುಬಿಟ್ಟಳು.

ಟೈಲರಮ್ಮ ತಲೆ ಆಡಿಸಿದರು. "ಇನ್ಮೇಲೆ ಇವಳ ಕೈಗೆ ಗರಗಸ ಕೊಡಬೇಡಿ ಯಜಮಾನ್ರೇ. ಎಲ್ಲ ನೀವೇ ಮಾಡಿ."

ನೂಲಣ್ಣ "ಹ್ಞೂ" ಅಂದ. ಅಷ್ಟೇ. ನಾನೂ ಡಬ್ಬದ ಮುಚ್ಚಳ ಒರೆಸುತ್ತ ನಿಂತೆ. ಊರಿಗೆಲ್ಲ ಮಾತು ಹಂಚುವ ನನ್ನ ಬಾಯಿಗೂ ಅವತ್ತು ಬೀಗ ಬಿದ್ದಿತ್ತು.

ಮಾರನೆಯ ದಿನ ಅವನು ಹೊಸ ಹಲಗೆಗೆ ಗೆರೆ ಎಳೆದು, "ಕೊಯ್ಯಮ್ಮ" ಅಂದ. ಸೊಸೆ ಮೂಲೆಯಲ್ಲಿ ಉಪ್ಪುಕಾಗದ ಹಿಡಿದು ಕುರ್ಚಿಯ ಕಾಲು ಉಜ್ಜುತ್ತಿದ್ದಳು.

"ಕೊಡಬೇಡಿ ಅಂದಿದಾರಲ್ಲ ಮಾವ. ನೀವೂ ಹ್ಞೂ ಅಂದ್ರಿ."

ಸಿಟ್ಟಿಲ್ಲ, ಅಳುವಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಮೂರು ದಿನ ಅವಳು ಗರಗಸ ಮುಟ್ಟಲಿಲ್ಲ. ಮೂರು ದಿನವೂ ಅವನು ಅವಳಿಗೆ ಬೆನ್ನು ಹಾಕಿಯೇ ಕೆಲಸ ಮಾಡಿದ. ನೀರು ಬೇಕಾದರೂ ನನ್ನನ್ನು ಕೇಳುತ್ತಿದ್ದ. ಒಂದು ಹಲಗೆಯನ್ನು ಹನ್ನೊಂದು ಸಲ ಅಳೆದ, ಆದರೂ ಗರಗಸ ಇಡಲು ಅವನಿಗೆ ಧೈರ್ಯ ಬರಲಿಲ್ಲ.

"ಹೋಗಿ ಹೇಳಿಬಿಡೋ," ಅಂದೆ.

"ನೀನು ಯಾಕೆ ಹೇಳ್ಲಿಲ್ಲ ಅವತ್ತು?" ಅಂದ.

ನಾನು ಬ್ರಷ್ಷು ತೊಳೆಯಲು ಎದ್ದುಹೋದೆ.

ನಾಲ್ಕನೆಯ ದಿನ ಸೊಸೆಯನ್ನೂ ನನ್ನನ್ನೂ ಕರೆದುಕೊಂಡು ಅಂಗಡಿಗೆ ನಡೆದ. ಬಾಗಿಲಲ್ಲೇ ನಿಂತ. ನಲವತ್ತು ಮೆಷಿನ್ ಮತ್ತೆ ನಿಂತವು.

"ಅವತ್ತು ಅಳತೆ ತಪ್ಪಿದ್ದು ನಾನು. ಇವಳು ನನ್ನ ಮಾನ ಉಳಿಸೋಕೆ ಸುಳ್ಳು ಹೇಳಿದ್ಲು. ನಾನು ಗೊತ್ತಿದ್ದೂ ಹ್ಞೂ ಅಂದೆ," ಎಂದು ಟೈಲರಮ್ಮನಿಗೆ ಹೇಳಿದ. ಧ್ವನಿ ಆ ಮೊಂಡು ಟೇಪಿಗಿಂತ ಮೊಂಡಾಗಿತ್ತು. ಆಮೇಲೆ ಹೊಸ ಟೇಪನ್ನು ಸೊಂಟದಿಂದ ಬಿಚ್ಚಿ ಸೊಸೆಯ ಕೈಗಿಟ್ಟ. "ನೀನೇ ಅಳೆಯಮ್ಮ. ನೀನೇ ಕೊಯ್ಯಿ."

ಅವಳು ಅಳೆದಳು, ಬರೆದುಕೊಂಡಳು. ಮಾವನ ಮುಖ ನೋಡಲಿಲ್ಲ. ಆದರೆ ಹೊರಡುವಾಗ ಅವನ ಉಪಕರಣದ ಚೀಲ ತಾನೇ ಎತ್ತಿಕೊಂಡಳು. ಸಂಜೆಗೆ ಹನ್ನೆರಡು ಹಲಗೆ ಕೂತವು.

ಇಷ್ಟನ್ನು ಬರೆದು ಮೊನ್ನೆ ನೂಲಣ್ಣನಿಗೆ ಓದಿ ಹೇಳಿದೆ. ಉಳಿ ಮಸೆಯುತ್ತ, ತಲೆ ಎತ್ತದೆ ಕೇಳಿದ. ಮುಗಿದ ಮೇಲೆ ಅಂದ:

"ಅಲ್ಲಿ ಹೊಲೀತಿದ್ದದ್ದು ನಾಲ್ಕೇ ಜನ ಕಣೋ. ನಿನ್ನ ಮಾತಲ್ಲಿ ಒಂದು ಸೊನ್ನೇನೇ ಕಳೀಬೇಕು. ನನ್ನ ನಾಚಿಕೆ ಒಂದನ್ನ ಮಾತ್ರ ಸರಿಯಾಗಿ ಅಳೆದಿದೀಯ, ಅದ್ರಲ್ಲಿ ಏನೂ ಕಳೀಬೇಡ."